ಸ್ಪಟರಿಂಗ್ ಮೆಷಿನ್ ಕಲಿಯಲು ಬಂದವರಿಗೆ

ಸ್ಪಟರಿಂಗ್ ಅಂದರೆ ಅನಿಲದ ಅಯಾನುಗಳಿಂದ ಲೋಹಕ್ಕೆ ಹೊಡೆದು, ಕಿತ್ತು ಬಂದ ಪರಮಾಣುಗಳನ್ನು ಪದರವಾಗಿ ಕೂರಿಸುವುದು. ವೇಫರ್ (ಚಿಪ್ ಮಾಡುವ ತೆಳು ಬಿಲ್ಲೆ) ಮೇಲೆ ಹೀಗೆ ಅಲ್ಯೂಮಿನಿಯಂ ಕೂರಿಸುವ ಕೆಲಸಕ್ಕೆ ಹೊಸಬರು ಬಂದರೆ ನಾನು ಮೊದಲು ಹೇಳುವುದು ಇದು: ವ್ಯಾಕ್ಯೂಮ್‌ಗೆ ಅವಸರ ಮಾಡಬೇಡಿ. ಚೇಂಬರ್ ಒತ್ತಡ 1 ಟಾರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿಯಲಿ. ಒಳಗೆ ನೀರಾವಿ ಉಳಿದರೆ ಅಲ್ಯೂಮಿನಿಯಂ ಅದರ ಆಕ್ಸಿಜನ್ ಎಳೆದುಕೊಳ್ಳುತ್ತದೆ. ಕನ್ನಡಿಯಂತೆ ಹೊಳೆಯಬೇಕಾದ ಪದರ ಮಂಕಾಗುತ್ತದೆ, ರೆಸಿಸ್ಟೆನ್ಸೂ ಜಾಸ್ತಿ ಆಗುತ್ತದೆ.

ಆಮೇಲೆ ಆರ್ಗಾನ್ ಬಿಡಿ, ಕೆಲವು ಮಿಲಿಟಾರ್ ಸಾಕು. ಪವರ್ ಕೊಟ್ಟ ಕೂಡಲೇ ನೇರಳೆ ಬೆಳಕು ಹೊತ್ತಿಕೊಳ್ಳುತ್ತದೆ. ಆಗಲೇ ಶಟರ್ (ವೇಫರ್‌ಗೆ ಅಡ್ಡ ಇರುವ ಮುಚ್ಚಳ) ತೆರೆಯಬೇಡಿ! ಟಾರ್ಗೆಟ್ (ಪದರಕ್ಕೆ ಲೋಹ ಕೊಡುವ ಅಲ್ಯೂಮಿನಿಯಂ ತುಂಡು) ಮೇಲಿನ ಆಕ್ಸೈಡ್ ಮೊದಲು ಶಟರ್‌ಗೇ ಹೋಗಿ ಕೂರಲಿ. ಈ ಹೊತ್ತಿನಲ್ಲಿ ನನ್ನ ಕಣ್ಣು ವೋಲ್ಟೇಜ್ ಮೇಲೇ ಇರುತ್ತದೆ. ಅದು ಮೆಲ್ಲಗೆ ಏರಿ ಒಂದು ಕಡೆ ನಿಂತರೆ ಶುದ್ಧ ಲೋಹ ಬಯಲಾಗಿದೆ ಅಂತ ಅರ್ಥ.

ಒಳ್ಳೆ ವೇಫರ್ ಹಾಕುವ ಮುಂಚೆ ಒಂದು ಡಮ್ಮಿ, ಅಂದರೆ ಪರೀಕ್ಷೆಯ ವೇಫರ್, ಹಾಕಿ. ಅದಕ್ಕೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪಿನ ಸಣ್ಣ ಪಟ್ಟಿ ಅಂಟಿಸಿ. ಕೋಟಿಂಗ್ ಮುಗಿದ ಮೇಲೆ ಟೇಪ್ ಕಿತ್ತು, ಅಲ್ಲಿ ಉಳಿದ ಮೆಟ್ಟಿಲನ್ನು (ಅದೇ ಪದರದ ದಪ್ಪ) ಮೇಲ್ಮೈಯ ಏರಿಳಿತ ಅಳೆಯುವ ಪ್ರೊಫೈಲೋಮೀಟರ್‌ನಲ್ಲಿ ಅಳೆಯಿರಿ. 10 ನಿಮಿಷಕ್ಕೆ 100 ನ್ಯಾನೊಮೀಟರ್ ಬಂದರೆ 300ಕ್ಕೆ 30 ನಿಮಿಷ, ಪವರ್ ಮತ್ತು ಒತ್ತಡ ಅದೇ ಇದ್ದರೆ ಮಾತ್ರ. ಟಾರ್ಗೆಟ್ ಸವೆದ ಹಾಗೆ ಈ ಲೆಕ್ಕ ತಪ್ಪುತ್ತದೆ, ಅದಕ್ಕೇ ಡಮ್ಮಿ ಆಗಾಗ ಬೇಕು.

ಚೇಂಬರನ್ನು ಒಳಗೆ ನೈಟ್ರೋಜನ್ ತುಂಬಿಸಿಯೇ ತೆರೆಯಿರಿ, ಅದೂ ವೇಫರ್ ತಣ್ಣಗಾದ ಮೇಲೆ.