ಊರಿಗೆ ದೊಡ್ಡ ಯೋಜನೆ ಬಂದಾಗ: ಅಹವಾಲು ಸಭೆಗೆ ಸಜ್ಜಾಗುವುದು ಹೇಗೆ?

ಕೆಳದಿ, ಇಕ್ಕೇರಿ, ಬಿದನೂರು ನಗರ. ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿಗಳಾಗಿದ್ದ ಇವು ಇವತ್ತು ಮಲೆನಾಡಿನ ಪುಟ್ಟ ಊರುಗಳು. ಇಂಥ ಊರಿನ ಪಕ್ಕದಲ್ಲಿ ಜಲವಿದ್ಯುತ್ ಯೋಜನೆಯೋ ಗಣಿಯೋ ಬರುತ್ತದೆಂದರೆ ಪ್ರತಿಭಟನೆಗೆ ಜನ ಸೇರುತ್ತಾರೆ, ಸೇರಲೂ ಬೇಕು. ಆದರೆ ಕಡತದಲ್ಲಿ ಉಳಿಯುವುದು ಬರೆದುಕೊಟ್ಟ ಆಕ್ಷೇಪಣೆ ಮತ್ತು ಅಹವಾಲು ಸಭೆಯಲ್ಲಿ ದಾಖಲಾದ ಮಾತು ಮಾತ್ರ. ಎರಡನ್ನೂ ಗಟ್ಟಿ ಮಾಡುವ ದಾರಿ ಇಲ್ಲಿದೆ.

ಪ್ರಕಟಣೆಯ ಮೇಲೆ ಕಣ್ಣಿಡಿ. ಪರಿಸರ ಪರಿಣಾಮ ಮೌಲ್ಯಮಾಪನದ 2006ರ ಅಧಿಸೂಚನೆಯಂತೆ, ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕು. ಅದನ್ನು ಕತ್ತರಿಸಿಟ್ಟುಕೊಳ್ಳಿ, ದಿನಾಂಕ ಗುರುತು ಮಾಡಿ. ಎಲ್ಲ ಯೋಜನೆಗಳಿಗೂ ಈ ಸಭೆ ಇರುವುದಿಲ್ಲ. ಇಲ್ಲದ ಕಡೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಡಾವಳಿಗೆ ಸೇರಿಸುವಂತೆ ಪಂಚಾಯತ್ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ.

ವರದಿ ಓದಿ. ಯೋಜನೆಯಿಂದ ಪರಿಸರಕ್ಕಾಗುವ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತ್, ಗ್ರಾಮ ಪಂಚಾಯತಿಗಳಲ್ಲಿ ನೋಡಲು ಸಿಗಬೇಕು. ಕನ್ನಡದ ಸಾರಾಂಶವನ್ನಷ್ಟೇ ಓದಿ ನಿಲ್ಲಿಸಬೇಡಿ. ಅದರಲ್ಲಿ ತೊಡಕಿನ ಸಂಗತಿಗಳು ಜಾರಿಹೋಗಿರಬಹುದು. ಇಂಗ್ಲಿಷಿನ ದಪ್ಪ ವರದಿಯನ್ನು ಕಾಲೇಜು ಮಕ್ಕಳು, ಮೇಷ್ಟ್ರುಗಳು ಅಧ್ಯಾಯಕ್ಕೊಬ್ಬರಂತೆ ಹಂಚಿಕೊಂಡು ಓದಿದರೆ ವಾರದಲ್ಲಿ ಮುಗಿಯುತ್ತದೆ.

ಮೊದಲು ನೋಡಬೇಕಾದ್ದು ಅಧ್ಯಯನ ನಡೆದ ತಿಂಗಳುಗಳನ್ನು. ಎಷ್ಟೋ ವರದಿಗಳಲ್ಲಿ ನೀರು, ಗಾಳಿ, ಮಣ್ಣಿನ ಮಾಹಿತಿಯನ್ನು ಮಳೆಗಾಲ ಬಿಟ್ಟು ಒಂದೇ ಋತುವಿನಲ್ಲಿ ಸಂಗ್ರಹಿಸಿರುತ್ತಾರೆ. ಮಲೆನಾಡಿನಲ್ಲಿ ಗುಡ್ಡ ಕುಸಿಯುವುದು, ಒರತೆ ಒಡೆಯುವುದು, ಕಾಲುಸಂಕ ಕೊಚ್ಚಿಹೋಗುವುದು ಆಷಾಢ–ಶ್ರಾವಣದಲ್ಲಿ. ಫೆಬ್ರುವರಿಯಲ್ಲಿ ಅಳೆದ ಹಳ್ಳ ಜುಲೈನ ಹಳ್ಳವಲ್ಲ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು.

ಆಮೇಲೆ ಸ್ಮಾರಕಗಳ ಪಟ್ಟಿ ತೆರೆಯಿರಿ. ಇಕ್ಕೇರಿಯ ಅಘೋರೇಶ್ವರ ದೇವಾಲಯದಂಥ ಕೇಂದ್ರ ರಕ್ಷಿತ ಸ್ಮಾರಕಕ್ಕೆ ಕಾನೂನಿನ ಬೇಲಿಯಿದೆ: ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ಆದರೆ ತೋಟದಂಚಿನ ವೀರಗಲ್ಲು, ಕೆರೆ ಏರಿಯ ಮಾಸ್ತಿಕಲ್ಲು, ದೇವರಕಾಡು ಇವುಗಳಿಗೆ ಆ ಭಾಗ್ಯ ಬಹುಪಾಲು ಇಲ್ಲ. ವರದಿಯಲ್ಲಿ ಇವು ಬಿಟ್ಟುಹೋಗಿದ್ದರೆ ಒಂದೊಂದರ ಫೋಟೊ ತೆಗೆದು, ಸರ್ವೆ ನಂಬರ್ ಬರೆದು, ಕಾಮಗಾರಿ ಜಾಗದಿಂದ ಎಷ್ಟು ದೂರವೆಂದು ನಮೂದಿಸಿ. ಊರಿನ ಶಾಸನ, ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹಳೆಯ ಆವೃತ್ತಿಯ 7 ಅಥವಾ 8ನೇ ಸಂಪುಟದಲ್ಲಿದ್ದರೆ ಆ ಪುಟದ ಜೆರಾಕ್ಸ್ ಲಗತ್ತಿಸಿ. ಶಿವಮೊಗ್ಗ ಜಿಲ್ಲೆಯ ಶಾಸನಗಳು ಅವೆರಡರಲ್ಲಿವೆ.

ಆಕ್ಷೇಪಣೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ‘ಯೋಜನೆ ಬೇಡ’ ಎಂದಷ್ಟೇ ಬರೆದರೆ ಉತ್ತರ ಕೊಡುವವರ ಕೆಲಸ ಹಗುರ. ‘ಇಂಥ ಪುಟದಲ್ಲಿ ಕೆರೆಯಿಲ್ಲ ಎಂದಿದೆ. ಇಂಥ ಸರ್ವೆ ನಂಬರಿನಲ್ಲಿ ಕೆರೆಯಿದೆ, ಅದರ ನೀರಿನಲ್ಲಿ ಗದ್ದೆ ನಡೆಯುತ್ತಿದೆ, ಪಹಣಿ ಲಗತ್ತಿಸಿದೆ’ ಎಂದರೆ ನುಣುಚಿಕೊಳ್ಳುವುದು ಕಷ್ಟ. ಮನೆಗೊಂದು ಅರ್ಜಿ, ಅವರವರ ತೋಟ–ಬಾವಿಯ ವಿವರದೊಂದಿಗೆ ಇರಲಿ. ಒಂದೇ ನಮೂನೆಗೆ ಊರೆಲ್ಲ ಸಹಿ ಹಾಕಿದ್ದಕ್ಕಿಂತ ಅದಕ್ಕೆ ತೂಕ ಹೆಚ್ಚು. ಸಭೆಗೆ ಮೊದಲೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ.

ಸಭೆಯ ದಿನ. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ. ಕೋರಂ ಎಂಬುದಿಲ್ಲ, ಬಹಿಷ್ಕರಿಸಿ ಮನೆಯಲ್ಲಿ ಕೂತರೂ ಸಭೆ ನಡೆದುಹೋಗುತ್ತದೆ. ಮತದಾನವೂ ಇಲ್ಲಿಲ್ಲ; ಹೇಳಿದ್ದು ದಾಖಲಾಗಬೇಕು, ಅಷ್ಟೆ. ಹೆಸರು, ಊರು ಹೇಳಿ ಒಬ್ಬೊಬ್ಬರು ಒಂದೊಂದು ವಿಷಯ ಹಿಡಿಯಿರಿ. ಹೆಂಗಸರಿಗೆ, ನೀರು ಹೊರುವವರಿಗೆ ಮೊದಲು ಮೈಕ್ ಸಿಗಲಿ. ಕಾರ್ಯಕಲಾಪವೆಲ್ಲ ವಿಡಿಯೊ ಆಗಬೇಕು. ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ವಿವರಿಸಬೇಕು. ಊಟಕ್ಕೆ ಹೊತ್ತಾಯಿತೆಂದು ಎದ್ದು ಹೋಗಬೇಡಿ; ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ಹೇಳಿ.

ಆಮೇಲೆ? ನಡಾವಳಿಯ ಪ್ರತಿ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. ಯೋಜನೆಗೆ ಪರಿಸರ ಅನುಮತಿ ಸಿಕ್ಕಿಬಿಟ್ಟರೆ 30 ದಿನದೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ತಡಕ್ಕೆ ಸಕಾರಣವಿದ್ದರೆ ನ್ಯಾಯಮಂಡಳಿ ಇನ್ನೂ 60 ದಿನ ಕೊಡಬಹುದು, ಅದರಾಚೆ ಇಲ್ಲ. ದಕ್ಷಿಣ ವಲಯದ ಪೀಠ ಇರುವುದು ಚೆನ್ನೈನಲ್ಲಿ. ಹಾಗಾಗಿ ವಕೀಲರನ್ನು ಹುಡುಕುವ ಕೆಲಸ, ಮೊಹರು ಬಿದ್ದ ನಕಲುಗಳನ್ನು ಒಂದೇ ಫೈಲಿನಲ್ಲಿ ಜೋಡಿಸುವ ಕೆಲಸ ಸಭೆ ಮುಗಿದ ವಾರವೇ ಶುರುವಾಗಲಿ.