ಸಿಪಿಆರ್ ನಡೆಯುವಾಗ ಮನೆಯವರನ್ನು ಒಳಗೆ ಕರೆಯುವುದು ಹೇಗೆ

ಐಸಿಯುನಲ್ಲಿ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಜೀವ ಉಳಿಸುವ ಪ್ರಯತ್ನ) ಶುರುವಾದ ಕೂಡಲೇ ಮನೆಯವರನ್ನು ಆಚೆ ಕಳಿಸಿ ಬಾಗಿಲು ಹಾಕುವುದು ಹಳೆಯ ರೂಢಿ. ಒಳಗೆ ಬಿಡೋಣವೆಂದರೆ ನರ್ಸ್‌ಗಳಲ್ಲೇ ಒಮ್ಮತವಿಲ್ಲ. ತಲೆಸುತ್ತಿ ಬಿದ್ದರೆ? ಅಡ್ಡ ಬಂದರೆ? ನಾಳೆ ಕೇಸು ಹಾಕಿದರೆ? ಈ ಅಳುಕನ್ನು ತಳ್ಳಿಹಾಕುವಂತಿಲ್ಲ. ಆದರೆ ಮನೆಯಲ್ಲೇ ಹೃದಯ ನಿಂತವರ 570 ಬಂಧುಗಳನ್ನು ಗಮನಿಸಿ ಫ್ರಾನ್ಸಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. ನೋಡುವ ಅವಕಾಶ ಸಿಕ್ಕವರಲ್ಲಿ 90 ದಿನಗಳ ನಂತರ ಮಾನಸಿಕ ಆಘಾತದ ಲಕ್ಷಣಗಳು ಕಡಿಮೆಯಿದ್ದವು. ಚಿಕಿತ್ಸೆಗೆ ತೊಡಕಾಗಲಿಲ್ಲ, ಕೇಸೂ ಬೀಳಲಿಲ್ಲ.

ಎಡವಟ್ಟಾಗುವುದು ಹೆಚ್ಚಾಗಿ ಬಂದವರ ಪಕ್ಕದಲ್ಲಿ ಯಾರೂ ಇಲ್ಲದಾಗ. ಹಾಗಾಗಿ ಅನುಭವವಿರುವ ಒಬ್ಬ ನರ್ಸನ್ನು ಇದಕ್ಕೆಂದೇ ಬಿಡಿ. ಔಷಧಿ ಕೊಡುವುದು, ಸಮಯ ಬರೆಯುವುದು ಅವರ ಪಾಲಿಗೆ ಬೇಡ. ಅಂಥವರು ಸಿಗದಿದ್ದರೆ ಕರೆಯಬೇಡಿ. ಆಗಾಗ ಹೊರಗೆ ಹೋಗಿ ಸುದ್ದಿ ಹೇಳಿ.

ಮೊದಲು ತಂಡದ ಮುಖ್ಯಸ್ಥರ ಒಪ್ಪಿಗೆ ಪಡೆಯಿರಿ. ಕುಡಿದವರನ್ನು, ಕೈ ಮಾಡುವಷ್ಟು ಸಿಟ್ಟಿನಲ್ಲಿರುವವರನ್ನು ಬಿಡಬೇಡಿ. ಉಳಿದವರನ್ನು ಕೇಳಿ, ಒತ್ತಾಯ ಮಾತ್ರ ಬೇಡ. ಒಮ್ಮೆಗೆ ಒಬ್ಬರು, ಹೆಚ್ಚೆಂದರೆ ಇಬ್ಬರು.

ಬಾಗಿಲ ಬಳಿಯ ಅರ್ಧ ನಿಮಿಷದ ಮಾತೇ ಎಲ್ಲಕ್ಕಿಂತ ಮುಖ್ಯ. "ಹೃದಯ ನಿಂತಿದೆ. ಎದೆಯನ್ನು ಜೋರಾಗಿ ಒತ್ತುತ್ತಿದ್ದಾರೆ, ಪಕ್ಕೆಲುಬು ಮುರಿಯುವ ಸದ್ದು ಕೇಳಬಹುದು. ಬಾಯಲ್ಲಿ ಟ್ಯೂಬ್ ಇದೆ. ಶಾಕ್ ಕೊಟ್ಟಾಗ ಮೈ ಅದುರುತ್ತದೆ. ಸಾಕೆನಿಸಿದರೆ ಹೇಳಿ, ನಾನೇ ಹೊರಗೆ ಕರೆದುಕೊಂಡು ಬರುತ್ತೇನೆ." ವಯಸ್ಕರ ಎದೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ತಗ್ಗುವುದನ್ನು ಮುನ್ಸೂಚನೆಯಿಲ್ಲದೆ ಕಂಡವರಿಗೆ ಅದು ಹೊಡೆತದಂತೆಯೇ ಕಾಣುತ್ತದೆ.

ಮಂಚದ ಕಾಲ ಬದಿಯಲ್ಲಿ, ಶಾಕ್ ಕೊಡುವ ಯಂತ್ರವಾದ ಡಿಫಿಬ್ರಿಲೇಟರಿನಿಂದ ದೂರ ಒಂದು ಕುರ್ಚಿ ಹಾಕಿ. ಪಾದ ಮುಟ್ಟಲು ಬಿಡಿ, ಮಾತಾಡಲು ಹೇಳಿ. ಶಾಕ್‌ಗೆ ಮುಂಚೆ ಮಾತ್ರ ಅವರ ಕೈ ಹಿಡಿದು ಹಿಂದಕ್ಕೆ ಸರಿಸಿ. ಮುಟ್ಟಿದವರಿಗೂ ಕರೆಂಟ್ ತಗಲಬಹುದು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾದಾಗ "ಕೈಬಿಟ್ಟರೇನೋ" ಎಂದು ಗಾಬರಿಯಾಗುತ್ತಾರೆ. ಆಗಲೇ ಹೇಳಿ: "ದಣಿವಾಗುತ್ತದೆ, ಅದಕ್ಕೇ ಬೇರೆಯವರು ಬಂದರು."

ನಿಲ್ಲಿಸುವ ತೀರ್ಮಾನ ತಂಡದ್ದು. "ನಿಲ್ಲಿಸೋಣವಾ?" ಎಂದು ಮನೆಯವರನ್ನು ಕೇಳಬೇಡಿ, ಆ ಭಾರ ಅವರ ಹೆಗಲ ಮೇಲೆ ಉಳಿದುಬಿಡುತ್ತದೆ. ನಿಲ್ಲಿಸುವ ಮುನ್ನ ತಿಳಿಸಿ, ನಿಂತ ಮೇಲೆ "ತೀರಿಕೊಂಡರು" ಎಂದೇ ಹೇಳಿ. "ನಮ್ಮ ಪ್ರಯತ್ನ ಮಾಡಿದ್ವಿ" ಎಂದಷ್ಟೇ ಹೇಳಿದರೆ ಇನ್ನೂ ಜೀವವಿದೆ ಎಂದುಕೊಳ್ಳುತ್ತಾರೆ. ಪೋಸ್ಟ್‌ಮಾರ್ಟಂ ಆಗಬೇಕಿದ್ದರೆ ಟ್ಯೂಬ್ ತೆಗೆಯುವಂತಿಲ್ಲ, ಕಾರಣ ತಿಳಿಸಿ. ಮಾನಿಟರಿನ ಸದ್ದು ನಿಲ್ಲಿಸಿ, ಒಂದು ಕೈಯನ್ನು ಹೊದಿಕೆಯಿಂದ ಹೊರಗಿಟ್ಟು ಕುರ್ಚಿಯನ್ನು ಆ ಬದಿಗೆ ತನ್ನಿ.