ಪಾಠ ಖರಗಪುರದ್ದು, ಕೆಲಸ ಗಂಜಿನದು

ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಐದನೇ ಸೆಮಿಸ್ಟರಿನವರಿಗೆ ಸಾಫ್ಟ್‌ವೇರ್ ಎಂಜಿನಿಯರಿಂಗ್ ಹೇಳಿಕೊಡುತ್ತೇನೆ. ಐಐಟಿ ಖರಗಪುರದ ಪ್ರೊ. ರಾಜೀಬ್ ಮಾಲ್ ಅವರ ಪಾಠಗಳು ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟೆಲ್‌ನಲ್ಲಿ ಪುಕ್ಕಟೆ ಸಿಗುತ್ತವೆ. ವಾಟರ್‌ಫಾಲ್ ಮಾಡೆಲ್ (ಒಂದು ಹಂತ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗುವ ಕ್ರಮ) ಎಂದರೇನು, ಅದು ಎಲ್ಲಿ ಕೈಕೊಡುತ್ತದೆ ಎಂದು ಅವರು ಬಿಡಿಸಿ ಹೇಳಿರುವಾಗ ಅದನ್ನೇ ನಾನು ಬೋರ್ಡಿನ ಮೇಲೆ ಬರೆದು ತಾಸು ಕಳೆಯುವುದು ಬೇಡವೆನಿಸಿತು. ಹಾಗಾಗಿ ವಿಡಿಯೋ ಹಾಸ್ಟೆಲಿನಲ್ಲಿ, ಮನೆಯಲ್ಲಿ ನೋಡುವುದು; ಕ್ಲಾಸಿನ ವೇಳೆಯೆಲ್ಲ ಕೆಲಸಕ್ಕೆ.

ಬರೀ ವಿಡಿಯೋ ನೋಡಿ ಈ ವಿಷಯ ಬರುವುದಿಲ್ಲ. 1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ಕಂಪ್ಯೂಟರ್ ತಜ್ಞರು ಸೇರಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂಬ ಹೆಸರಿನಡಿ ಚರ್ಚಿಸಿದ್ದು ಪ್ರೋಗ್ರಾಂ ಬರೆಯುವುದು ಹೇಗೆ ಎಂಬುದನ್ನಷ್ಟೇ ಅಲ್ಲ. ಹತ್ತಾರು ಜನ ಕೂಡಿ ವರ್ಷಗಟ್ಟಲೆ ಮಾಡುವ ದೊಡ್ಡ ಕೆಲಸಗಳು ಹೇಳಿದ ವೇಳೆಗೆ, ಹೇಳಿದ ಖರ್ಚಿನಲ್ಲಿ ಮುಗಿಯುತ್ತಿರಲಿಲ್ಲ; ಆ ಚಿಂತೆ ಅವರದಾಗಿತ್ತು. ಇನ್ನೊಬ್ಬರ ಜೊತೆ, ಇನ್ನೊಬ್ಬರಿಗಾಗಿ ಕೆಲಸ ಮಾಡದೆ ಅದು ಅರ್ಥವಾಗುವುದಾದರೂ ಹೇಗೆ? ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಅರ್ಮಾಂಡೊ ಫಾಕ್ಸ್ ಮತ್ತು ಡೇವಿಡ್ ಪ್ಯಾಟರ್ಸನ್ 2012ರಲ್ಲಿ ಇದೇ ವಿಷಯವನ್ನು ಕೋರ್ಸೆರಾ ಎಂಬ ಆನ್‌ಲೈನ್ ಪಾಠದ ತಾಣದಲ್ಲಿ ಇಟ್ಟರು. ಆಮೇಲೆ ಫಾಕ್ಸ್ ಅವರೇ ‘ಸ್ಪಾಕ್’ (ಸ್ಮಾಲ್ ಪ್ರೈವೇಟ್ ಆನ್‌ಲೈನ್ ಕೋರ್ಸ್) ಎಂಬ ಪದ್ಧತಿ ಹೇಳಿದರು: ಆನ್‌ಲೈನ್ ಕೋರ್ಸಿನ ಸರಕನ್ನು ಕಾಲೇಜಿನ ಮೇಷ್ಟರು ತಮ್ಮ ತರಗತಿಯೊಳಗೆ ತಂದು ಬಳಸುವುದು. ನಾನು ಹಿಡಿದದ್ದು ಆ ದಾರಿ.

ಆಳಂದ, ಜೇವರ್ಗಿ, ಚಿಂಚೋಳಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷ್ ವಿಡಿಯೋವನ್ನು ಮುಕ್ಕಾಲು ವೇಗಕ್ಕಿಳಿಸಿ ನೋಡುತ್ತಾರೆ. ಅವರಿಗಾಗಿ ಪ್ರತಿ ಪಾಠಕ್ಕೂ ಒಂದು ಪುಟದ ಕನ್ನಡ ಟಿಪ್ಪಣಿ ಕೊಡುತ್ತೇನೆ. ಅದರಲ್ಲಿ ಪಾಠದ ಸಾರಾಂಶ ಇರುವುದಿಲ್ಲ, ನೋಡುವಾಗ ಉತ್ತರ ಹುಡುಕಬೇಕಾದ ಮೂರ್ನಾಲ್ಕು ಪ್ರಶ್ನೆ ಇರುತ್ತವೆ. ಡೇಟಾ ಸಾಲದವರಿಗೆ ಲ್ಯಾಬಿನ ಕಂಪ್ಯೂಟರಿನಲ್ಲಿ ವಿಡಿಯೋ ಇಳಿಸಿಟ್ಟಿದ್ದೇನೆ, ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತಾರೆ.

ಟೆಸ್ಟಿಂಗ್ ಕಲಿಸುವ ಬಗೆ ನನಗೆ ಬಹಳ ಇಷ್ಟವಾದದ್ದು. ತೊಗರಿಯ ಪಟ್ಟಿ (ಮಾರಿದ ಮಾಲಿಗೆ ರೈತನಿಗೆ ಎಷ್ಟು ಸಲ್ಲಬೇಕೆಂಬ ಚೀಟಿ) ಲೆಕ್ಕ ಮಾಡುವ ಸಣ್ಣ ಪ್ರೋಗ್ರಾಂ ಕೊಡುತ್ತೇನೆ, ಅದರೊಳಗೆ ಬೇಕಂತಲೇ ತಪ್ಪು ಹುದುಗಿಸಿರುತ್ತೇನೆ. ಹುಡುಗರು ತಪ್ಪು ತಿದ್ದಬೇಕಿಲ್ಲ, ತಪ್ಪು ಸಿಕ್ಕಿಬೀಳುವಂಥ ಟೆಸ್ಟ್ ಬರೆಯಬೇಕು. 10 ಕ್ವಿಂಟಾಲ್, 20 ಕ್ವಿಂಟಾಲ್ ಕೊಟ್ಟು ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. 7 ಕ್ವಿಂಟಾಲ್ 40 ಕೆಜಿ ಮಾಲನ್ನು 8,000 ರೂಪಾಯಿ ದರದಲ್ಲಿ ಹಾಕಿದವನಿಗೆ 59,200 ಬರಬೇಕಾದಲ್ಲಿ 56,000 ಬರುತ್ತದೆ, ಯಾಕೆಂದರೆ ಪ್ರೋಗ್ರಾಂ ಆ 40 ಕೆಜಿಯನ್ನು ನುಂಗಿದೆ. ರೈತನ ಕೈಯಿಂದ 3,200 ಹೋಯಿತು ಎಂದಾಗ ಕ್ಲಾಸು ಒಮ್ಮೆಲೆ ಎದ್ದು ಕೂಡುತ್ತದೆ. ಅವರಲ್ಲಿ ಬಹಳ ಮಂದಿಯ ಮನೆಯಲ್ಲಿ ತೊಗರಿ ಬೆಳೆಯುತ್ತಾರೆ.

ಪ್ರಾಜೆಕ್ಟಿಗೆ ‘ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್’ ಕೊಡುವುದನ್ನು ನಿಲ್ಲಿಸಿದೆ. ಅದರ ಕೋಡ್ ಎಲ್ಲ ಕಡೆ ಸಿಗುತ್ತದೆ, ಮೇಲಾಗಿ ಅದನ್ನು ಬೇಡಿದವರು ಯಾರೂ ಇಲ್ಲ. ಗಂಜ್ ಅಂದರೆ ನಮ್ಮೂರಿನ ಧಾನ್ಯದ ಮಾರುಕಟ್ಟೆ. ಅಲ್ಲಿನ ಒಂದು ಅಡತ ಅಂಗಡಿಯ (ರೈತರ ಮಾಲು ಮಾರಿಸಿಕೊಡುವ ದಲಾಲಿ ಅಂಗಡಿ) ಲೆಕ್ಕ ಬರೆಯುವ ಮುನೀಮರು ಗ್ರಾಹಕರಾಗಲು ಒಪ್ಪಿದರು. ಮೊದಲ ತಂಡ ಹೋಗಿ ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ರೈತರ ಹೆಸರು, ಚೀಲ, ತೂಕ, ದರ. ಮತ್ತೇನದ ಇದ್ರಾಗ?” ಹುಡುಗರು ಅಷ್ಟನ್ನೇ ಟೇಬಲ್ ಮಾಡಿ, ಪರದೆ ಚೆಂದ ಮಾಡಿ ಒಯ್ದರು. ಮುನೀಮರು ಆ ದಿನದ ವಹಿ ತೆಗೆದು ಮುಂದಿಟ್ಟರು. ಒಬ್ಬನೇ ರೈತನ ಮಾಲು ಎರಡು ದಾಲ್ ಮಿಲ್ಲಿಗೆ ಎರಡು ದರದಲ್ಲಿ ಹೋಗಿದೆ, ಮೊದಲೇ ಒಯ್ದ ಮುಂಗಡ ಇದೆ, ಹಮಾಲಿ ಬೇರೆ. “ಹಂಗಲ್ಲ ತಮ್ಮಾ, ದುಡ್ಡೂ ಒಮ್ಮೆಲೆ ಕೊಡಂಗಿಲ್ಲ ನಾವು.” ಒಬ್ಬ ರೈತನಿಗೆ ಒಂದೇ ದರ ಎಂದು ಕಟ್ಟಿದ ಟೇಬಲ್ ಅಲ್ಲೇ ಕುಸಿಯಿತು. ರಿಕ್ವೈರ್‌ಮೆಂಟ್ (ಗ್ರಾಹಕರಿಗೆ ನಿಜಕ್ಕೂ ಬೇಕಾದದ್ದೇನು ಎಂಬುದು) ಬಗ್ಗೆ ಯಾವ ವಿಡಿಯೋವೂ ಕಲಿಸದಷ್ಟನ್ನು ಆ ವಹಿಯ ಒಂದು ಪುಟ ಕಲಿಸಿತು. ವಿಚಿತ್ರವೆಂದರೆ, ಆ ಸಂಜೆಯೇ ಹುಡುಗರು ರಿಕ್ವೈರ್‌ಮೆಂಟ್ ಪಾಠವನ್ನು ಮತ್ತೊಮ್ಮೆ ಹಾಕಿಕೊಂಡು ನೋಡಿದರು. ಈ ಸಲ ಮುಕ್ಕಾಲು ವೇಗ ಬೇಕಾಗಲಿಲ್ಲವಂತೆ.

ಮುಂದಿನ ಬ್ಯಾಚಿಗೆ ಹೊಸದಾಗಿ ಬರೆಯಲು ಬಿಡಲಿಲ್ಲ. ಹಳೆಯ ಕೋಡನ್ನೇ ಓದಿ ಮುಂದುವರಿಸಬೇಕು ಎಂದೆ. ಮುಖ ಸಣ್ಣ ಮಾಡಿದರು. ಕಂಪನಿಗೆ ಹೋದರೂ ಮೊದಲು ಕೈಗೆ ಬರುವುದು ಮತ್ಯಾರೋ ಬರೆದಿಟ್ಟ ಕೋಡೇ, ಹಾಗಾಗಿ ಇದರಲ್ಲಿ ನಾನು ಬಗ್ಗುವುದಿಲ್ಲ. ಅದರೊಳಗೆ ‘ಲೆಕ್ಕ2’ ಎಂಬ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಸಿಕ್ಕಿತು, ಒಂದು ಸಾಲು ವಿವರಣೆ ಇಲ್ಲ. ಹುಡುಗಿಯೊಬ್ಬಳು ಬೆಂಗಳೂರಿಗೆ ಹೋದ ಸೀನಿಯರಿಗೆ ಫೋನ್ ಹಚ್ಚಿದಳು: “ಅಣ್ಣಾ, ಈ ಲೆಕ್ಕ2 ಯಾಕ ಬರ್ದೀರಿ?” ಅತ್ತಲಿಂದ ಬಂದ ಉತ್ತರ, “ನನಗೂ ನೆನಪಿಲ್ಲವ್ವ.” ಅವತ್ತಿನಿಂದ ಆ ತಂಡದ ಕಮಿಟ್ ಮೆಸೇಜುಗಳು (ಕೋಡ್ ಬದಲಿಸಿದಾಗೆಲ್ಲ ಬರೆಯುವ ಟಿಪ್ಪಣಿ) ಉದ್ದವಾದವು. ಕನ್ನಡದಲ್ಲೂ ಬರೆಯುತ್ತಾರೆ: “ಮುಂಗಡ ಮೊದಲು ಕಳೆದು ಆಮೇಲೆ ಹಮಾಲಿ ಕಳೆಯಬೇಕು, ಮುನೀಮರು ಹೇಳಿದ್ದು.”

ಅಂಕ ಹೇಗೆ ಕೊಡುತ್ತೀರಿ ಎಂದು ಬೇರೆ ಕಾಲೇಜಿನವರು ಕೇಳುತ್ತಿರುತ್ತಾರೆ. ಎನ್‌ಪಿಟೆಲ್ ಸರ್ಟಿಫಿಕೇಟಿನ ಲೆಕ್ಕ ಅದರ ಪಾಡಿಗೆ: ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ನನ್ನ ಇಂಟರ್ನಲ್ ಅಂಕ ಕೋಡಿನ ಪ್ರತಿ ಬದಲಾವಣೆಯನ್ನು ದಾಖಲಿಸಿಡುವ ಗಿಟ್ ಎಂಬ ಸಾಧನದ ಇತಿಹಾಸ ನೋಡಿ ಕೊಡುವುದು. ಯಾರು ಏನು ಬದಲಿಸಿದರು ಎಂಬುದೆಲ್ಲ ಅಲ್ಲಿರುತ್ತದೆ. ಚಾಟ್‌ಜಿಪಿಟಿ ಬಂದ ಮೇಲೆ ವೈವಾವನ್ನೂ ಬಿಗಿ ಮಾಡಿದ್ದೇನೆ. ಅವರದೇ ಒಂದು ಫಂಕ್ಷನ್ ತೆರೆದು, ದರವನ್ನು ಕ್ವಿಂಟಾಲಿನ ಬದಲು ಚೀಲದ ಲೆಕ್ಕದಲ್ಲಿ ಕೊಟ್ಟರೆ ಎಲ್ಲೆಲ್ಲಿ ತಿದ್ದಬೇಕು ತೋರಿಸು ಎನ್ನುತ್ತೇನೆ. ತಿಳಿದು ಬರೆದವರು ಬೆರಳಿಟ್ಟು ತೋರಿಸುತ್ತಾರೆ. ಎಲ್ಲಿಂದ ತಂದದ್ದಾದರೂ ಸರಿ, ತಿಳಿದಿದ್ದರೆ ನನ್ನ ತಕರಾರಿಲ್ಲ.

ಈ ಸಲದ ತಂಡಕ್ಕೆ ಮುನೀಮರ ಬೇಡಿಕೆ ಬೇರೆ: ಪಟ್ಟಿ ಆದ ಕೂಡಲೇ ರೈತರ ಮೊಬೈಲಿಗೆ ಕನ್ನಡದಲ್ಲಿ ಲೆಕ್ಕ ಹೋಗಬೇಕು. ಹೊಸ ತೊಗರಿ ಗಂಜಿಗೆ ಬರುವುದು ಡಿಸೆಂಬರ್ ಹೊತ್ತಿಗೆ, ಸೆಮಿಸ್ಟರ್ ಮುಗಿಯುವುದೂ ಆಗಲೇ. ಹುಡುಗರು ಸದ್ಯಕ್ಕೆ ಹಳೆಯ ಕೋಡ್ ಓದುತ್ತಿದ್ದಾರೆ.